ಹನ್ನೆರಡು ಕೋಳಿಗಳಿಗೆ ಗೂಡು: ನಮ್ಮ ಕರಾವಳಿಯ ಮಳೆಗೆ ಎಷ್ಟು ಜಾಗ ಬೇಕು?

ಕಟಪಾಡಿ ಹಿತ್ತಿಲು:

ಎಲ್ಲರಿಗೂ ನಮಸ್ಕಾರ. ಕಟಪಾಡಿಯ ಹತ್ತಿರ ನಮ್ಮದು 10 ಸೆಂಟ್ಸ್ ಜಾಗ. ಬಾವಿ ಈಶಾನ್ಯದಲ್ಲಿದೆ, ಮನೆ ನಡುವಿನಲ್ಲಿದೆ. ತೆಂಕು ಬದಿಯ ಹಿತ್ತಿಲಿನಲ್ಲಿ ನಾಲ್ಕು ತೆಂಗು, ಒಂದು ಹಲಸು, ಪಡುಬದಿಗೆ ಒಂದು ಸಾಲು ಬಾಳೆ ಇರುವ ಸುಮಾರು 3 ಸೆಂಟ್ಸ್ ಸ್ಥಳ ಉಳಿದಿದೆ. ಅಲ್ಲಿ 11 ಹೇಂಟೆ ಮತ್ತು 1 ಹುಂಜವನ್ನು ಸಾಕಬೇಕೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದ್ದೇವೆ. ವ್ಯಾಪಾರದ ಉದ್ದೇಶವಿಲ್ಲ. ಮನೆಯ ಐವರಿಗೆ ಮೊಟ್ಟೆ ಸಿಗಬೇಕು, ಉಳಿದರೆ ನೆರೆಮನೆಗೆ ಕೊಡಬೇಕು, ಮಕ್ಕಳು ಕಾವು ಕೂತ ಹೇಂಟೆಯನ್ನೂ ಮರಿಗಳನ್ನೂ ಕಣ್ಣಾರೆ ನೋಡಿ ಬೆಳೆಯಬೇಕು ಎಂಬುದಷ್ಟೇ ನಮ್ಮ ಆಸೆ.

ಗೂಡಿನ ಅಳತೆಯ ವಿಷಯದಲ್ಲಿ ಮಾತ್ರ ಲೆಕ್ಕ ಹೊಂದುತ್ತಿಲ್ಲ. ಒಂದು ಕೈಪಿಡಿಯಲ್ಲಿ ಕೋಳಿಯೊಂದಕ್ಕೆ 2 ಚದರಡಿ ಸಾಕು ಎಂದಿದೆ, ಪರಿಚಯದವರೊಬ್ಬರು 4 ಬೇಕು ಎನ್ನುತ್ತಾರೆ, ಮತ್ತೊಬ್ಬರು 10 ಚದರಡಿ ಕೊಡಲಾಗದಿದ್ದರೆ ಕೋಳಿ ಸಾಕುವ ಯೋಚನೆಯನ್ನೇ ಬಿಡಿ ಎನ್ನುತ್ತಾರೆ. ನಮ್ಮ ಅಜ್ಜಿಯ ಮನೆಯಲ್ಲಿ ಹಟ್ಟಿಯ ಗೋಡೆಗೆ ಒತ್ತಿಕೊಂಡು ಮುರಕಲ್ಲಿನ (ಜಂಬಿಟ್ಟಿಗೆಯ) ಒಂದು ಗೂಡಿತ್ತು. ಅದರ ಉದ್ದಗಲ 3 ಅಡಿಗಿಂತ ಹೆಚ್ಚಿರಲಾರದು. ಆದರೂ ಸಂಜೆಯಾಗುತ್ತಲೇ ಹದಿನೈದು ಕೋಳಿಗಳು ತಾವಾಗಿಯೇ ಅದರೊಳಗೆ ಸೇರುತ್ತಿದ್ದವು, ಅಜ್ಜಿ ಬಾಯಿಗೆ ಹಲಗೆ ಮುಚ್ಚಿ ಒಂದು ಕಲ್ಲು ಒರಗಿಸುತ್ತಿದ್ದರು. ಅದನ್ನು ಕಂಡವನಿಗೆ 2 ಚದರಡಿಯೂ ಧಾರಾಳವೆಂದೇ ತೋರುತ್ತದೆ.

ಈಗ ನಾನು ಅಂದುಕೊಂಡಿರುವುದು ಹೀಗೆ: ನೈರುತ್ಯ ಮೂಲೆಯಲ್ಲಿ ಪಾಗಾರಕ್ಕೆ (ಆವರಣದ ಗೋಡೆಗೆ) ತಾಗಿಸಿ 6 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ಗೂಡು. ಮೇಲೆ ತಗಡಿನ ಶೀಟು, ಮೂರು ಬದಿಗೆ ಅಂಗಡಿಯಲ್ಲಿ ಸಿಗುವ ಕೋಳಿ ಬಲೆ, ಕೆಳಗೆ ಮಣ್ಣಿನ ನೆಲವೇ. ಹಗಲು ಹಿತ್ತಿಲಿಗೆ ಬಿಡುವುದು, ರಾತ್ರಿ ಮುಚ್ಚುವುದು. ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಕೆಲಸ ಮುಗಿಸಬೇಕೆಂದಿದ್ದೇನೆ. ಕಟ್ಟಿದ ಮೇಲೆ ಒಡೆಯುವುದಕ್ಕಿಂತ ಕಟ್ಟುವ ಮೊದಲೇ ಕೇಳುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಕಿನ್ನಿಗೋಳಿ ಅಕ್ಕ:

ನಿಮ್ಮ ಅಜ್ಜಿಯ ಗೂಡಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನೂ ಅಂಥದೇ ನೆನಪನ್ನು ನಂಬಿ ಗೂಡು ಕಟ್ಟಿಸಿ ನಷ್ಟ ಅನುಭವಿಸಿದವಳು. ಆ ಹಳೆಯ ಗೂಡು ಕೋಳಿಗಳ ಮನೆಯಾಗಿರಲಿಲ್ಲ, ಅವು ಮಲಗುವ ಕೋಣೆಯಷ್ಟೇ ಆಗಿತ್ತು. ಬೆಳಕು ಹರಿಯುತ್ತಲೇ ಹಲಗೆ ತೆಗೆದರೆ ಗದ್ದೆಯ ಹುಣಿ, ತೋಟ, ಗೊಬ್ಬರದ ಗುಂಡಿ, ಬೈಹುಲ್ಲಿನ ರಾಶಿಯ ಅಡಿ, ಎಲ್ಲವೂ ಅವುಗಳದ್ದೇ. ಜಡಿಮಳೆ ಬಂದರೂ ಹಟ್ಟಿಯ ಮಾಡಿನ (ಛಾವಣಿಯ) ಕೆಳಗೆ ದನಗಳ ಕಾಲಿನ ನಡುವೆ ಒಣ ಸೊಪ್ಪನ್ನು ಕೆದಕುತ್ತಾ ದಿನ ಕಳೆಯುತ್ತಿದ್ದವು. ಗೂಡು 9 ಚದರಡಿಯಿದ್ದರೂ ಅವುಗಳ ಪಾಲಿಗೆ ಇದ್ದದ್ದು ಒಂದೆರಡು ಎಕರೆ. ಈಗ ನಮ್ಮಲ್ಲಿ ಹಟ್ಟಿಯೂ ಇಲ್ಲ, ಗದ್ದೆಯೂ ಇಲ್ಲ. ನಾಲ್ಕು ಕಡೆ ಪಾಗಾರ, ಆಚೆಗೆ ರಸ್ತೆ, ರಸ್ತೆಯಲ್ಲಿ ನಾಯಿಗಳು. ಗೂಡನ್ನು ಮಾತ್ರ ಅಜ್ಜಿಯ ಅಳತೆಗೆ ಕಟ್ಟಿದರೆ ಕೋಳಿ ಬದುಕುವುದಾದರೂ ಎಲ್ಲಿ?

2, 4, 10 ಎಂಬ ಲೆಕ್ಕಗಳಲ್ಲಿ ಯಾವುದೂ ಸುಳ್ಳಲ್ಲ. ಕೋಳಿ ದಿನಕ್ಕೆ ಎಷ್ಟು ಹೊತ್ತು ಒಳಗಿರುತ್ತದೆ ಎಂಬುದನ್ನು ಹೇಳದೆ ಅಂಕಿಯನ್ನು ಮಾತ್ರ ಹೇಳುವುದರಿಂದ ಈ ಗೊಂದಲ. ರಾತ್ರಿ ಮಾತ್ರ ಸೇರಿಕೊಳ್ಳುವ ಹಗುರ ಜಾತಿಯ ಕೋಳಿಗೆ 2 ಸಾಕಾಗುತ್ತದೆ. ಆಗಾಗ ಹಗಲೂ ಒಳಗೆ ಉಳಿಯುವುದಾದರೆ 4 ಬೇಕು. 8, 10 ಎನ್ನುವುದು ಗೂಡಿನ ಹೊರಗೆ ಬಲೆಯೊಳಗಿನ ಅಂಗಳಕ್ಕೆ ಸಂಬಂಧಿಸಿದ ಲೆಕ್ಕ, ಗೂಡಿನದಲ್ಲ. ನೀವು ನಿಮ್ಮನ್ನು ಕೇಳಿಕೊಳ್ಳಬೇಕಾದದ್ದು, ವರ್ಷದಲ್ಲಿ ಎಷ್ಟು ದಿನ ಈ ಹನ್ನೆರಡೂ ಕೋಳಿಗಳು ಹೊರಗೆ ಕಾಲಿಡಲಾರವು ಎಂಬುದನ್ನು. ಉಡುಪಿಯ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಆ ದಿನಗಳಲ್ಲಿ ನೀವು ಬಾಗಿಲು ತೆರೆದರೂ ಕೋಳಿ ಹೊಸ್ತಿಲಲ್ಲಿ ಕತ್ತು ಚಾಚಿ ನೋಡಿ ಹಿಂದಕ್ಕೆ ಸರಿಯುತ್ತದೆ. ಹೊರಗೆ ಬಂದರೂ 3 ಸೆಂಟ್ಸ್ ಜಾಗವನ್ನು ಹನ್ನೆರಡು ಕೋಳಿಗಳು ಒಂದು ವಾರದಲ್ಲಿ ಕೆದಕಿ ಕೆಸರು ಮಾಡಿಬಿಡುತ್ತವೆ. ಆದ್ದರಿಂದ ಗೂಡಿನ ಅಳತೆಯನ್ನು ದೀಪಾವಳಿಯ ಬಿಸಿಲಿಗೆ ನೋಡಿ ನಿಶ್ಚಯಿಸಬೇಡಿ, ಜುಲೈ, ಆಗಸ್ಟ್‌ನ ಆಟಿ ತಿಂಗಳಿಗೆ ನೋಡಿ ನಿಶ್ಚಯಿಸಿ.

ನನ್ನ ಮೊದಲ ಗೂಡು 5 ಅಡಿಗೆ 5 ಅಡಿ, ಅದರಲ್ಲಿ 14 ಕೋಳಿಗಳು. ಮೇ ಕೊನೆಯವರೆಗೆ ಒಂದು ತೊಂದರೆಯೂ ಇರಲಿಲ್ಲ. ಜೂನ್‌ನಲ್ಲಿ ಬಿಡದೆ ಮೂರು ದಿನ ಮಳೆ ಸುರಿದಾಗ ನೆಲದ ಉಮಿ ಅಂಟಿನಂತಾಯಿತು, ನಾಲ್ಕನೆಯ ದಿನ ಒಂದು ಹೇಂಟೆಯ ಬಾಲದ ಬುಡದಲ್ಲಿ ಗರಿ ಕಿತ್ತು ಚರ್ಮ ಕಂಡಿತು. ಹೇನು ಇರಬೇಕೆಂದು ನಾನು ಅಷ್ಟಾಗಿ ಗಮನಿಸಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಆ ಬರಿಯ ಚರ್ಮದಲ್ಲಿ ಒಂದು ಕೆಂಪು ಚುಕ್ಕೆ, ಆ ಕೆಂಪನ್ನು ಕಂಡು ಉಳಿದವು ಸರದಿಯ ಮೇಲೆ ಬಂದು ಅಲ್ಲಿಗೇ ಕುಕ್ಕುತ್ತಿದ್ದವು. ಆ ಹೇಂಟೆ ತಲೆಯನ್ನು ಮೂಲೆಗೆ ತೂರಿಸಿ ಬೆನ್ನನ್ನು ಒಡ್ಡಿ ನಿಂತಿತ್ತು, ಓಡಲು ಅದಕ್ಕೆ ಜಾಗವೇ ಇರಲಿಲ್ಲ. ಅರಸಿನವನ್ನು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚಿ ಬೇರೆ ಬುಟ್ಟಿಯಲ್ಲಿ ಇಟ್ಟೆನಾದರೂ ಉಳಿಯಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಇಂಥದೇ ಕುಕ್ಕುವಿಕೆಯಿಂದ ಮೂರು ಕೋಳಿಗಳು ಹೋದವು. ಅವು ಕೆಟ್ಟ ಸ್ವಭಾವದ ಕೋಳಿಗಳಾಗಿರಲಿಲ್ಲ. ಮರುವರ್ಷ ಜಾಗ ಹೆಚ್ಚಿಸಿದ ಮೇಲೆ ಅದೇ ಕೋಳಿಗಳು ಮಳೆಗಾಲವಿಡೀ ಒಂದರ ಮೈಯನ್ನು ಒಂದು ಮುಟ್ಟಲಿಲ್ಲ.

ಆದುದರಿಂದ ನನ್ನ ಸಲಹೆ ಹೀಗಿದೆ. ಮುಚ್ಚುವ ಗೂಡು ಕೋಳಿಗೆ 4 ಚದರಡಿಯ ಲೆಕ್ಕದಲ್ಲಿ 48 ಚದರಡಿ, ಅಂದರೆ 8 ಅಡಿ ಉದ್ದ 6 ಅಡಿ ಅಗಲ. ಅದಕ್ಕೆ ಸೇರಿದಂತೆ ಮೇಲೆ ಮಾಡು, ಸುತ್ತ ಬಲೆ ಇರುವ ಅಂಗಳ ಕೋಳಿಗೆ 8 ಚದರಡಿಯಂತೆ 96, ಅಂದರೆ 12 ಅಡಿಗೆ 8 ಅಡಿ. ಎರಡೂ ಸೇರಿ 144 ಚದರಡಿ. ಒಂದು ಸೆಂಟ್ಸ್ ಎಂದರೆ 435 ಚದರಡಿಗೂ ಸ್ವಲ್ಪ ಹೆಚ್ಚು, ಆದ್ದರಿಂದ ಇದು ಒಂದು ಸೆಂಟ್ಸಿನ ಮೂರರಲ್ಲೊಂದು ಪಾಲು ಮಾತ್ರ. ಹಣ ಎರಡಕ್ಕೂ ಸಾಲದಿದ್ದರೆ ಗೂಡನ್ನು ಸ್ವಲ್ಪ ಚಿಕ್ಕದು ಮಾಡಿ, ಮಾಡು ಇರುವ ಅಂಗಳವನ್ನು ಮಾತ್ರ ಕಡಿಮೆ ಮಾಡಬೇಡಿ, ಮಳೆಗಾಲದಲ್ಲಿ ಕೋಳಿಯ ಹಗಲೆಲ್ಲ ಕಳೆಯುವುದು ಅಲ್ಲಿಯೇ. ಅದರ ಒಂದು ಮೂಲೆಯಲ್ಲಿ ಒಣ ಮರಳು ಮತ್ತು ಬಚ್ಚಲ ಒಲೆಯ ಬೂದಿಯನ್ನು ತುಂಬಿಡಿ. ಕೋಳಿ ಮೈಮೇಲೆ ಹುಡಿಮಣ್ಣು ಎರಚಿಕೊಂಡೇ ಹೇನು ಕಳೆದುಕೊಳ್ಳುವುದು. ಆಟಿಯಲ್ಲಿ ಇಡೀ ಹಿತ್ತಿಲಿನಲ್ಲಿ ಹುಡುಕಿದರೂ ಒಂದು ಹಿಡಿ ಒಣಮಣ್ಣು ಸಿಗುವುದಿಲ್ಲ.

ಗೂಡಿನೊಳಗೆ ಕೋಳಿ ಕೂರುವ ಅಡ್ಡಕೋಲಿಗೆ ಒಂದೊಂದಕ್ಕೆ 9 ಅಂಗುಲ ಹಿಡಿಯಿರಿ. 12 ಕೋಳಿಗೆ 9 ಅಡಿ ಆಗುತ್ತದೆ, ಆದರೆ 8 ಅಡಿಯ ಎರಡು ಕೋಲುಗಳನ್ನು ಒಂದೂವರೆ ಅಡಿ ಅಂತರದಲ್ಲಿ ಒಂದೇ ಎತ್ತರಕ್ಕೆ ಹಾಕುವುದು ಲೇಸು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಮೇಲಿನದಕ್ಕಾಗಿ ಪ್ರತಿ ಸಂಜೆ ಜಗಳ. ಅಡಿಕೆ ದಬ್ಬೆಯನ್ನು ಹಾಗೆಯೇ ಕಟ್ಟಬೇಡಿ, ಅದರ ಸಿಬಿರು ಪಾದಕ್ಕೆ ಚುಚ್ಚಿ ಬಾವು ಬರುತ್ತದೆ. ಎರಡು ಅಂಗುಲ ಅಗಲದ, ಅಂಚು ಉಜ್ಜಿದ ಮರದ ಪಟ್ಟಿ ಒಳ್ಳೆಯದು. ಮೊಟ್ಟೆಯಿಡಲು 4 ಹೇಂಟೆಗೆ ಒಂದರಂತೆ ಮೂರು ಪೆಟ್ಟಿಗೆ, ಒಂದೊಂದೂ ಒಂದು ಅಡಿ ಉದ್ದಗಲದ್ದು. ಅವು ಅಡ್ಡಕೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ರಾತ್ರಿ ಅದರಲ್ಲೇ ಕುಳಿತು ಹಿಕ್ಕೆ ಹಾಕಿ ಮೊಟ್ಟೆಯ ಜಾಗವನ್ನು ಹಾಳುಮಾಡುತ್ತವೆ.

ಇನ್ನೊಂದು ಮಾತು. ಹುಂಜವಿದ್ದು ಊರಿನ ಹೇಂಟೆಗಳಿದ್ದರೆ ಹನ್ನೆರಡು ಹನ್ನೆರಡಾಗಿ ಉಳಿಯುವುದಿಲ್ಲ. ಒಂದು ಹೇಂಟೆ ಹತ್ತು ಮೊಟ್ಟೆಗಳ ಮೇಲೆ ಕಾವು ಕೂತರೆ 21 ದಿನಕ್ಕೆ ಮರಿಗಳು ಬರುತ್ತವೆ. ಗೂಡಿನಲ್ಲಿ 3 ಅಡಿಗೆ 3 ಅಡಿಯ ಒಂದು ಪಾಲನ್ನು ಬಲೆಯಿಂದ ಪ್ರತ್ಯೇಕಿಸಿ ತಾಯಿ ಮರಿಗಳಿಗೆ ಈಗಲೇ ಮೀಸಲಿಡಿ.

ನಿವೃತ್ತ ಪಶುವೈದ್ಯ, ಬ್ರಹ್ಮಾವರ:

ಅಕ್ಕನವರು ನೆಲದ ಲೆಕ್ಕವನ್ನು ಸರಿಯಾಗಿ ಹೇಳಿದ್ದಾರೆ, ಅದಕ್ಕೆ ಗಾಳಿಯ ಲೆಕ್ಕವನ್ನು ಸೇರಿಸುತ್ತೇನೆ. ನೀವು ಆರಿಸಿದ ನೈರುತ್ಯ ಮೂಲೆ ನಿಮ್ಮ ಹಿತ್ತಿಲಿನಲ್ಲೇ ಗೂಡಿಗೆ ಅತ್ಯಂತ ಕೆಟ್ಟ ಸ್ಥಳ. ಮಳೆಗಾಲದ ಗಾಳಿ ಮತ್ತು ಎರಚಲು ಬರುವುದು ಆ ದಿಕ್ಕಿನಿಂದಲೇ, ಬೇಸಿಗೆಯಲ್ಲಿ ಮಧ್ಯಾಹ್ನ ಸಮುದ್ರದ ಕಡೆಯಿಂದ ಬರುವ ತಂಪು ಗಾಳಿಯನ್ನು ನಿಮ್ಮ ಪಾಗಾರವೇ ತಡೆದುಬಿಡುತ್ತದೆ. ಗೂಡನ್ನು ಪಾಗಾರದಿಂದ ಬಿಡಿಸಿ, ಉದ್ದ ಪೂರ್ವ ಪಶ್ಚಿಮವಾಗಿರುವಂತೆ ನಿಲ್ಲಿಸಿ. ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಗಿಡ್ಡ ಗೋಡೆಗಳ ಮೇಲೆ ಬೀಳುತ್ತದೆ, ಉದ್ದದ ಎರಡು ಬದಿಗಳನ್ನು ಗಾಳಿಗೆ ತೆರೆದಿಡಬಹುದು. ಬಾಳೆಯ ಸಾಲು ಪಡುಬದಿಯಲ್ಲಿದೆ ಎಂದಿದ್ದೀರಿ, ಅದರ ಮರೆಯನ್ನು ಬಳಸಿಕೊಳ್ಳಿ. ಬಾವಿಯಿಂದ ಸಾಧ್ಯವಾದಷ್ಟು ದೂರವಿರಲಿ, ಮತ್ತು ಬಾವಿಗಿಂತ ಇಳಿಜಾರಿನ ಬದಿಯಲ್ಲಿರಲಿ. ನಮ್ಮ ಮುರಕಲ್ಲಿನ ನೆಲದಲ್ಲಿ ತೂತುಗಳೇ ಹೆಚ್ಚು, ಹಿಕ್ಕೆಯ ನೀರು ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಡ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಖೆಯಾದರೆ ಬಾಯಿ ತೆರೆದು ಏದುಸಿರು ಬಿಡುತ್ತಾ, ಉಸಿರಿನ ತೇವದ ಮೂಲಕ ಶಾಖವನ್ನು ಹೊರಹಾಕುವುದೇ ಅದಕ್ಕಿರುವ ಮುಖ್ಯ ಉಪಾಯ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು, ಉಡುಪಿಯ ಗಾಳಿಯೇ ತೇವದಿಂದ ತುಂಬಿರುವುದರಿಂದ ಆ ಉಪಾಯವೂ ಅರ್ಧಕ್ಕೆ ನಿಲ್ಲುತ್ತದೆ. ಬಯಲುಸೀಮೆಯ ಕೋಳಿ ಇದಕ್ಕಿಂತ ಹೆಚ್ಚು ಬಿಸಿಲನ್ನು ತಡೆದುಕೊಳ್ಳುವುದು ಅಲ್ಲಿಯ ಗಾಳಿ ಒಣಗಿರುವುದರಿಂದ. 4 ಅಡಿ ಎತ್ತರದಲ್ಲಿ ತಗಡು ಹೊದಿಸಿ ಅದರ ಕೆಳಗೆ 12 ಕೋಳಿಗಳನ್ನು ಕೂರಿಸಿದರೆ ಮೇ ತಿಂಗಳ ಒಂದು ಮಧ್ಯಾಹ್ನ ಸಾಕು. ಮಾಡಿನ ನೆತ್ತಿ 8 ಅಡಿ, ಅಂಚು 6 ಅಡಿ ಇರಲಿ. ಹಂಚಾದರೆ ಉತ್ತಮ, ತಗಡೇ ಆಗಬೇಕಾದರೆ ಬೇಸಿಗೆಯಲ್ಲಿ ಅದರ ಮೇಲೆ ಹೆಣೆದ ತೆಂಗಿನ ಮಡಲನ್ನು (ಗರಿಯನ್ನು) ಹೊದಿಸಿ. ಅಂಚು ಗೋಡೆಯಿಂದ 3 ಅಡಿ ಹೊರಗೆ ಚಾಚಬೇಕು. ಗೋಡೆ ಒಂದೂವರೆ ಅಡಿ ಎತ್ತರಕ್ಕೆ ಮಾತ್ರ ಕಲ್ಲಿನದು, ಅದರ ಮೇಲೆ ಮಾಡಿನವರೆಗೂ ಬಲೆ. ಎರಚಲಿಗೆ ಟಾರ್ಪಾಲು ಕಟ್ಟುವಾಗ ಬಹುಮಂದಿ ಮೇಲಿನಿಂದ ಕೆಳಕ್ಕೆ ಇಳಿಬಿಡುತ್ತಾರೆ, ಅದು ತಪ್ಪು. ಕೆಳಗಿನ ಅಂಚನ್ನು ಗೋಡೆಗೆ ಬಿಗಿದು, ಮೇಲಕ್ಕೆ ಎಳೆದು ಕಟ್ಟುವಂತೆ ಮಾಡಿ, ನೆತ್ತಿಯ ಕೆಳಗೆ ಒಂದಡಿ ಯಾವಾಗಲೂ ತೆರೆದೇ ಇರಲಿ. ಕೋಳಿಯ ಮೈಗೆ ನೀರು ತಾಗಬಾರದು, ಕೆಟ್ಟ ಗಾಳಿ ಮೇಲಿನಿಂದ ಹೊರಗೆ ಹೋಗಬೇಕು.

ಆ ಕೆಟ್ಟ ಗಾಳಿ ಎಂದರೆ ಹಿಕ್ಕೆ ಒದ್ದೆಯಾದಾಗ ಏಳುವ ಅಮೋನಿಯಾ. ಅದನ್ನು ನಿಂತು ಮೂಸಿದರೆ ತಿಳಿಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು, ಕೋಳಿಯ ತಲೆಯ ಎತ್ತರಕ್ಕೆ ನಿಮ್ಮ ಮೂಗನ್ನು ತಂದು ನಾಲ್ಕು ಸಲ ಉಸಿರೆಳೆಯಿರಿ. ಕಣ್ಣು ಉರಿದರೆ ರಾತ್ರಿಯಿಡೀ ಕೋಳಿಗಳ ಕಣ್ಣೂ ಶ್ವಾಸನಾಳವೂ ಉರಿದಿವೆ ಎಂದೇ ಅರ್ಥ. ನಾನು ಸೇವೆಯಲ್ಲಿದ್ದಾಗ ಮಳೆಗಾಲದಲ್ಲಿ ಗೊರಗೊರ ಶಬ್ದ ಮಾಡುವ ಕೋಳಿಗಳನ್ನು ಔಷಧಿಗಾಗಿ ತರುತ್ತಿದ್ದರು. ಎಷ್ಟೋ ಮನೆಗಳಲ್ಲಿ ಔಷಧಿಗಿಂತ ಮೊದಲು ಬೇಕಾದದ್ದು ಗೂಡಿನ ನೆತ್ತಿಯಲ್ಲಿ ಒಂದು ಕಿಂಡಿ.

ನೆಲಕ್ಕೆ ಭತ್ತದ ಉಮಿಯನ್ನು 3 ಅಂಗುಲ ಹಾಸಿ, ಎರಡು ದಿನಕ್ಕೊಮ್ಮೆ ಕೆದಕಿ, ಮೇಲೆ ಮೇಲೆ ಹೊಸದನ್ನು ಸೇರಿಸುತ್ತಾ 6 ಅಂಗುಲದವರೆಗೆ ಬೆಳೆಸಬಹುದು. ಮರದ ಹುಡಿ ಬಳಸುವವರು ಅದು ಬೂಷ್ಟು ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಬೂಷ್ಟಿನಿಂದ ಕೋಳಿಯ ಶ್ವಾಸಕೋಶಕ್ಕೆ ರೋಗ ಬರುತ್ತದೆ. ಹಾಸು ಹೇಗಿದೆಯೆಂದು ನೋಡಲು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆಯಾಗಿ ಉಳಿದರೆ ನೀರು ಹೆಚ್ಚು, ಆಗ ಒಣ ಉಮಿ ಸೇರಿಸಿ ಸ್ವಲ್ಪ ಸುಣ್ಣದ ಹುಡಿ ಬೆರೆಸಿ ಕೆದಕಬೇಕು. ಅಂಗೈಗೆ ಅಂಟಿದಂತಾಗಿ ಮೆಲ್ಲನೆ ಉದುರಿದರೆ ಸರಿಯಾಗಿದೆ. ಕುಡಿಯುವ ನೀರಿನ ಪಾತ್ರೆಯನ್ನು ಗೂಡಿನೊಳಗೆ ಇಡಬೇಡಿ, ಮಾಡು ಇರುವ ಅಂಗಳದಲ್ಲಿಡಿ. ಒಂದು ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ಕುಡಿಯುತ್ತದೆ, ಸೆಖೆಯಲ್ಲಿ ಅದರ ಇಮ್ಮಡಿ, ಚೆಲ್ಲುವುದು ಬೇರೆ. ಅಡ್ಡಕೋಲಿನ ಕೆಳಗೆ ಗೊಬ್ಬರದ ಚೀಲವನ್ನು ಬಿಚ್ಚಿ ಹಾಸಿ ಬೆಳಿಗ್ಗೆ ಮಡಚಿ ತೆಂಗಿನ ಬುಡಕ್ಕೆ ಕೊಡವಿದರೆ ರಾತ್ರಿಯ ಹಿಕ್ಕೆಯೆಲ್ಲ ಹೊರಗೆ ಹೋಗುತ್ತದೆ.

ಒದ್ದೆ ಹಾಸಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಯ ರೋಗಾಣು ಒಂದೆರಡು ದಿನಗಳಲ್ಲೇ ಸೋಂಕು ತಗಲಿಸುವಷ್ಟು ಬಲಿಯುತ್ತದೆ, ಅದಕ್ಕೆ ಮೊದಲು ಬಲಿಯಾಗುವುದು ಮರಿಗಳು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಕೆಟ್‌ಗೆ, ಔಷಧಿಯಿಲ್ಲ, ಲಸಿಕೆ ಮಾತ್ರ ಇದೆ. ಮೊದಲ ವಾರದಲ್ಲಿ ಲಸೋಟ ಎಂಬ ಲಸಿಕೆಯ ಹನಿ ಹಾಕಿಸಿ, ಸುಮಾರು 8 ವಾರದಲ್ಲಿ ಆರ್2ಬಿ ಎಂಬ ಲಸಿಕೆಯ ಚುಚ್ಚುಮದ್ದು ಕೊಡಿಸಿ. ದಿನಾಂಕಗಳನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ತಳಿಯ ವಿಷಯ ನೀವು ಹೇಳಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಭಾರದ ಕೋಳಿ, ಊರ ಕೋಳಿಯ ಎರಡು ಪಾಲಿಗೂ ಹೆಚ್ಚು ತೂಗುತ್ತದೆ. ಅದನ್ನು ತರುವುದಾದರೆ ಅಡ್ಡಕೋಲು ನೆಲದಿಂದ 2 ಅಡಿಗಿಂತ ಮೇಲಿರಬಾರದು, ಜಿಗಿದು ಇಳಿಯುವಾಗ ಕಾಲಿಗೆ ಪೆಟ್ಟಾಗುತ್ತದೆ. ಸ್ವರ್ಣಧಾರ ಎಂಬ ತಳಿ ಅದಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು.

ಮರಗೆಲಸ, ಮೂಡುಬಿದಿರೆ:

ಕೋಳಿ ಬಲೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆರು ಮೂಲೆಯ ಕಣ್ಣಿನ ಆ ತೆಳು ಬಲೆ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಹೊರಗಿನದನ್ನು ಹೊರಗೆ ಇಡುವುದಿಲ್ಲ. ನಾಯಿ ಹಲ್ಲಿನಿಂದ ಹಿಡಿದು ಎಳೆದರೆ ಹರಿಯುತ್ತದೆ, ಹಾವು ಅದರ ಕಣ್ಣಿನಲ್ಲೇ ನುಗ್ಗುತ್ತದೆ. ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಬಲೆ) ಹಾಕಿ. ದುಬಾರಿಯೆನಿಸಿದರೆ ನೆಲದಿಂದ 3 ಅಡಿಯವರೆಗಾದರೂ ಅದನ್ನು ಹಾಕಿ ಮೇಲಕ್ಕೆ ಒಂದು ಅಂಗುಲದ್ದನ್ನು ಹಾಕಬಹುದು, ಆದರೆ ಹಾವು ಹತ್ತುವ ಪ್ರಾಣಿಯೆಂಬುದು ನೆನಪಿರಲಿ. ಬಲೆಯನ್ನು ಕಂಬದ ಹೊರಮೈಗೆ ಹೊಡೆಯಬೇಕು, ಒಳಮೈಗೆ ಹೊಡೆದರೆ ಹೊರಗಿನಿಂದ ತಳ್ಳಿದಾಗ ಮೊಳೆ ಕಿತ್ತು ಬರುತ್ತದೆ.

ಮುಂಗುಸಿ, ಪುನುಗು ಬೆಕ್ಕು, ಹೆಗ್ಗಣ ಇವು ಬುಡದಲ್ಲಿ ಕೊರೆದು ಬರುತ್ತವೆ. ಅದಕ್ಕೆ ಬಲೆಯನ್ನು ಒಂದಡಿ ಹೂಳಬೇಕೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಮುರಕಲ್ಲಿನ ನೆಲದಲ್ಲಿ ಒಂದಡಿ ಕಣಿ ತೋಡುವವರಿಗೆ ಮಾತ್ರ ಅದರ ಕಷ್ಟ ಗೊತ್ತು. ಹೂಳುವ ಬದಲು ಬಲೆಯನ್ನು ಗೋಡೆಯ ಬುಡದಿಂದ ಹೊರಮುಖವಾಗಿ ಎರಡು ಅಡಿ ನೆಲದ ಮೇಲೆಯೇ ಹಾಸಿ, ಮೇಲೆ ಮಣ್ಣೆಳೆದು ಕಲ್ಲು ಹೇರಿ. ಪ್ರಾಣಿ ಗೋಡೆಯ ಬುಡಕ್ಕೆ ಬಂದು ಕೊರೆಯಲು ನೋಡುತ್ತದೆ, ಕಾಲಿಗೆ ಬಲೆ ಸಿಗುತ್ತದೆ, ಎರಡು ಅಡಿ ಹಿಂದೆ ಸರಿದು ಕೊರೆಯುವ ಬುದ್ಧಿ ಅದಕ್ಕೆ ಓಡುವುದಿಲ್ಲ. ಬಾಗಿಲಿಗೆ ಕೊಂಡಿಯ ಜೊತೆಗೆ ಇನ್ನೊಂದು ಚಿಲಕ ಇರಲಿ.

ಮಣ್ಣಿನ ನೆಲ ಬೇಡವೇ ಬೇಡ. ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಕಟ್ಟಿ, ಸಿಮೆಂಟು ಹಾಕಿ, ತೊಳೆದ ನೀರು ಹೋಗಲು ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಡಿ. ಹಳೆಯ ಮನೆ ಬಿಚ್ಚುವ ಕಡೆ ಹಂಚು, ಅದನ್ನು ಹೊರುವ ಮರದ ಪಕ್ಕಾಸು, ರೀಪು ಕಡಿಮೆ ಬೆಲೆಗೆ ಸಿಗುತ್ತವೆ, ಗೂಡಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಹಂಚಿನ ಕೆಳಗೂ ಬಲೆ ಎಳೆಯಿರಿ, ಬೆಕ್ಕು ಹಂಚು ಸರಿಸಿ ಇಳಿಯುವುದನ್ನು ನಾನು ನೋಡಿದ್ದೇನೆ. ತೆಂಗಿನ ಮರದ ಕೆಳಗೆ, ಹಲಸಿನ ಕೊಂಬೆಯ ಕೆಳಗೆ ಗೂಡು ನಿಲ್ಲಿಸಿದರೆ ಒಂದು ಕಾಯಿ ಬಿದ್ದರೆ ಸಾಕು, ನಾಲ್ಕು ಹಂಚು ಹೋಗುತ್ತದೆ. ಮರದ ಕಂಬವನ್ನು ನೆಲದಲ್ಲಿ ಹೂತರೆ ಗೆದ್ದಲು ತಿನ್ನುತ್ತದೆ, ಕಲ್ಲಿನ ಕಂಬ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕಿ. ನಿಮ್ಮದು ಕಡಲ ಹತ್ತಿರದ ಊರು, ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬಲೆ ತರುವಾಗ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೇಳಿ ತನ್ನಿ.

ಕೋಳಿ ತಿಂಡಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಹಾವು ಒಳಗೆ ಕಂಡರೆ ಹೊಡೆಯಬೇಡಿ, ಹಿಡಿಯುವವರನ್ನು ಕರೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವಕ್ಕಿದೆ.

ಕಟಪಾಡಿ ಹಿತ್ತಿಲು:

ಅಕ್ಕನಿಗೂ, ಡಾಕ್ಟರರಿಗೂ, ಮೂಡುಬಿದಿರೆಯ ಅಣ್ಣನಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ನಾವು ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿ ನೋಡಿದೆವು. ಮೊದಲು 6 ಅಡಿಗೆ 4 ಅಡಿ ಗೆರೆ ಎಳೆದು ಅದರೊಳಗೆ ಮಗಳು ಹನ್ನೆರಡು ತೆಂಗಿನಕಾಯಿಗಳನ್ನು ಜೋಡಿಸಿದಳು. ಅವು ಅಲುಗಾಡದ ಕಾಯಿಗಳಾಗಿದ್ದರೂ ನಡುವೆ ಉಳಿದ ಜಾಗವನ್ನು ಕಂಡು ನನಗೆ ಬೇಸರವಾಯಿತು. ಈಗ ಆಗ್ನೇಯ ಭಾಗದಲ್ಲಿ, ತೆಂಗಿನಿಂದಲೂ ಹಲಸಿನಿಂದಲೂ ದೂರವಾಗಿ, ಪಾಗಾರದಿಂದ 8 ಅಡಿ ಬಿಟ್ಟು ಗುರುತು ಮಾಡಿದ್ದೇವೆ. ನಮ್ಮ ಜಾಗ ಬಡಗಿನಿಂದ ತೆಂಕಕ್ಕೆ ಇಳಿಜಾರಾದ್ದರಿಂದ ಬಾವಿಯ ಚಿಂತೆಯಿಲ್ಲ. ಗೂಡು 8 ಅಡಿಗೆ 6 ಅಡಿ, ಅದರ ಪಡುಬದಿಗೆ ಸೇರಿದಂತೆ 12 ಅಡಿಗೆ 8 ಅಡಿಯ ಮಾಡಿನ ಅಂಗಳ. ಹಂಚು ನಮ್ಮ ಮಾವನ ಹಳೆಯ ಮನೆಯಿಂದ ಬರುತ್ತದೆ.

ಎರಡು ಸಂದೇಹಗಳು ಉಳಿದಿವೆ. ಮೂಡು ಬದಿಯ ಪಾಗಾರದ ಆಚೆ ನೆರೆಯವರ ಮಲಗುವ ಕೋಣೆಯಿದೆ, ಹುಂಜ ಬೆಳಗಿನ ಜಾವಕ್ಕೇ ಕೂಗಿದರೆ ಅವರಿಗೆ ತೊಂದರೆಯಾದೀತು. ಮೊಟ್ಟೆಗೆ ಹುಂಜ ಬೇಕೇ ಬೇಕೇ? ಹಾಗೆಯೇ, ಮೇ ಕೊನೆಗೆ ಗೂಡು ಮುಗಿದರೆ ಜೂನ್‌ನಲ್ಲೇ ಮರಿಗಳನ್ನು ತರಬಹುದೇ?

ನಿವೃತ್ತ ಪಶುವೈದ್ಯ, ಬ್ರಹ್ಮಾವರ:

ಮೊಟ್ಟೆಯಿಡಲು ಹೇಂಟೆಗೆ ಹುಂಜ ಬೇಕಿಲ್ಲ, ಮರಿಯಾಗುವ ಮೊಟ್ಟೆಗೆ ಮಾತ್ರ ಬೇಕು. ಮಕ್ಕಳಿಗೆ ಮರಿಗಳನ್ನು ತೋರಿಸುವ ಆಸೆಯಿರುವುದರಿಂದ ನೆರೆಯವರಲ್ಲಿ ಮೊದಲೇ ಮಾತಾಡಿ. ಅವರು ಒಪ್ಪದಿದ್ದರೆ ಹುಂಜವಿರುವ ಮನೆಯಿಂದ ಕಾವಿಗೆ ಇಡುವ ಮೊಟ್ಟೆಗಳನ್ನು ತಂದು ನಿಮ್ಮ ಹೇಂಟೆಯ ಅಡಿಯಲ್ಲಿಡಬಹುದು, ಅವಳು ಭೇದವೆಣಿಸುವುದಿಲ್ಲ. ನಗರಸಭೆಯ ವ್ಯಾಪ್ತಿಯಲ್ಲಿರುವವರು ಕೋಳಿ ತರುವ ಮೊದಲು ಕಚೇರಿಯಲ್ಲಿ ನಿಯಮವನ್ನು ಕೇಳಿಕೊಳ್ಳುವುದು ಒಳ್ಳೆಯದು, ನಿಮ್ಮದು ಪಂಚಾಯತಾದರೆ ಅಲ್ಲಿಯೇ ವಿಚಾರಿಸಿ.

ಕಿನ್ನಿಗೋಳಿ ಅಕ್ಕ:

ಜೂನ್‌ನಲ್ಲಿ ಮರಿ ತರಬೇಡಿ. ತೇವ, ಚಳಿ, ರಕ್ತಭೇದಿ ಎಲ್ಲವೂ ಮರಿಗಳನ್ನು ಒಟ್ಟಿಗೇ ಮುತ್ತುವ ಕಾಲವದು. ಅಕ್ಟೋಬರ್‌ನಲ್ಲಿ, ಮಳೆ ಇಳಿದ ಮೇಲೆ ತನ್ನಿ. ಐದಾರು ತಿಂಗಳಿಗೆ, ಅಂದರೆ ಮಾರ್ಚ್, ಏಪ್ರಿಲ್‌ನ ಹೊತ್ತಿಗೆ ಮೊಟ್ಟೆಗೆ ಬರುತ್ತವೆ, ಮುಂದಿನ ಮಳೆಗಾಲವನ್ನು ಬಲಿತ ಕೋಳಿಗಳಾಗಿಯೇ ಎದುರಿಸುತ್ತವೆ. ಮೊಟ್ಟೆಗೆ ಬಂದ ಮೇಲೆ ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪನ್ನು ಎಸೆಯಬೇಡಿ, ತೊಳೆದು ಒಣಗಿಸಿ ಕುಟ್ಟಿ ಒಂದು ತೆಂಗಿನ ಗೆರಟೆಯಲ್ಲಿ ಇಟ್ಟರೆ ಬೇಕಾದಷ್ಟನ್ನು ಹೆಕ್ಕಿಕೊಳ್ಳುತ್ತವೆ, ಮೊಟ್ಟೆಯ ಓಡು ಗಟ್ಟಿಯಾಗುತ್ತದೆ.

ಬಾಗಿಲನ್ನು ನೀವು ಬಗ್ಗದೆ ಒಳಗೆ ಹೋಗುವಷ್ಟು ಎತ್ತರಕ್ಕೆ ಇಡಿಸಿ. ಬಗ್ಗಿ ಗುಡಿಸಬೇಕಾದ ಗೂಡನ್ನು ಎರಡನೆಯ ತಿಂಗಳಿಗೆ ಯಾರೂ ಗುಡಿಸುವುದಿಲ್ಲ.

ಈ ಮಳೆಗಾಲವಿಡೀ ಗೂಡು ಖಾಲಿಯೇ ಇರುತ್ತದೆಯಲ್ಲ, ಅದನ್ನೇ ಉಪಯೋಗಿಸಿಕೊಳ್ಳಿ. ಗಾಳಿಯೊಂದಿಗೆ ದೊಡ್ಡ ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ ಒಳಗೆ ಅರ್ಧ ಗಂಟೆ ನಿಲ್ಲಿ. ಎರಚಲು ಯಾವ ಬದಿಯಿಂದ ಎಷ್ಟು ಒಳಗೆ ಬರುತ್ತದೆ, ಯಾವ ಹಂಚಿನಡಿ ಹನಿ ಬೀಳುತ್ತದೆ, ನೆಲದ ನೀರು ಎತ್ತ ಹರಿಯುತ್ತದೆ ಎಂದು ನೋಡಿ ಇದ್ದಿಲಿನಿಂದ ಗೋಡೆಗೆ ಗುರುತು ಹಾಕಿ ಬನ್ನಿ. ಸೆಪ್ಟೆಂಬರ್‌ನಲ್ಲಿ ಆ ಗುರುತುಗಳನ್ನು ನೋಡಿಕೊಂಡು ಮಾಡಿನ ಅಂಚನ್ನು ಎಲ್ಲಿ ಚಾಚಬೇಕೋ ಅಲ್ಲಿ ಚಾಚಿಸಿ.